ಅತ್ತೆಯ ನಾಲಿಗೆ, ಭಾನುವಾರದ ಸಿಗಡಿ

ನನಗೆ ಕೂತಲ್ಲಿ ಕೂರುವ ಅಭ್ಯಾಸ ಇಲ್ಲ. ಚಿಕ್ಕಂದಿನಲ್ಲಿ ಅವ್ವ ನನ್ನ ಜಡೆ ಹೆಣೆದು ಮುಗಿಸುವಷ್ಟರಲ್ಲಿ ಸುಸ್ತಾಗಿಬಿಡುತ್ತಿದ್ದಳು. ಮದುವೆಯ ಮಂಟಪದಲ್ಲೂ ಪಕ್ಕದಲ್ಲಿ ಕೂತಿದ್ದ ಗಂಡ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದರ ಕುಣಿತ ನಿಲ್ಲಿಸಬೇಕಾಯಿತು. ಇಂಥವಳ ಹಣೆಯಲ್ಲಿ ಬರೆದದ್ದು ಎಂಥ ಕೆಲಸ ನೋಡಿ: ಮೊಟ್ಟೆಯ ಹಳದಿಯನ್ನು ಹಬೆಯ ಮೇಲೆ ಹಿಡಿದು, ಅದು ಗಟ್ಟಿಯಾಗುವ ತನಕ ಅಲುಗಾಡದೆ ನಿಂತು ತಿರುವುತ್ತಿರುವುದು. ಅದೂ ಮೊಟ್ಟೆಯನ್ನು ಹುಟ್ಟಿದಾಗಿನಿಂದ ಬಾಯಿಗಿಡದವಳಿಗೆ.

ನಮ್ಮಪ್ಪನದು ಪುಣೆಯ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ. ಅಜ್ಜನ ಕಾಲಕ್ಕೆ ಧಾರವಾಡದ ಕಡೆಯಿಂದ ಬಂದವರು ನಾವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮರಾಠಿ. ಊಟ ಮಾತ್ರ ಎಲ್ಲಿ ಹೋದರೂ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಅಂಗಡಿಯ ಎದುರು ಸಾಲಿನಲ್ಲಿ ಕರಾವಳಿಯವರ ಹೋಟೆಲು ಇತ್ತು, ಮೀನಿನ ಊಟಕ್ಕೆ ಹೆಸರಾದದ್ದು. ಗಾಳಿ ಈ ಕಡೆ ಬೀಸಿತೆಂದರೆ ಅಪ್ಪ ಊದುಬತ್ತಿ ಹಚ್ಚುತ್ತಿದ್ದರು. ಆ ಹೋಟೆಲಿನ ಮಗನನ್ನೇ ಮದುವೆಯಾಗುತ್ತೇನೆ ಎಂದು ನಾನು ಹಟ ಹಿಡಿದಾಗ ಅಪ್ಪ ಬಹಳ ದಿನ ನನ್ನ ಜೊತೆ ಮಾತೇ ಬಿಟ್ಟರು. ಕೊನೆಗೆ ಒಪ್ಪಿದರು. ಕಳಿಸಿಕೊಡುವ ಹೊತ್ತಿನಲ್ಲಿ ಅವರು ಕೇಳಿದ್ದು ಒಂದೇ.

"ಆ ಮನ್ಯಾಗ ಏನ್ ಬೇಕಾದ್ರೂ ಮಾಡಿ ಹಾಕವ್ವ. ನೀ ಮಾತ್ರ ಬಾಯಿಗೆ ಇಟ್ಕೋಬ್ಯಾಡ."

ನಾನು ಆಯಿತೆಂದೆ. ತೊಂಬತ್ತರ ದಶಕದ ನಡುವಿನ ಮಾತು ಅದು. ಮೀನು ತಿನ್ನುವ ಆಸೆ ನನಗೆ ಕನಸಿನಲ್ಲೂ ಇರಲಿಲ್ಲವಾದ್ದರಿಂದ ಆ ಮಾತು ಕೊಡುವುದು ಭಾರ ಎನಿಸಲಿಲ್ಲ.

ಮಾವ ತೀರಿಕೊಂಡ ಮೇಲೆ ಹೋಟೆಲಿನ ಅಡಿಗೆಮನೆಯನ್ನು ಆಳುತ್ತಿದ್ದವರು ಅತ್ತೆ. ನಾನು ಕೈಹಚ್ಚುತ್ತೇನೆ ಎಂದಾಗ ಅವರು ಮೂಗು ಮುರಿಯಲಿಲ್ಲ. "ನೀನು ತಿನ್ನುವುದು ಬೇಡ ಮಾರಾಯ್ತಿ. ಕೈ ಉಂಟಲ್ಲ, ಅಷ್ಟು ಸಾಕು," ಎಂದರು. ಅಂದಿನಿಂದ ಕೈ ನನ್ನದು, ನಾಲಿಗೆ ಅವರದು. ನಾನು ಸಾರು ಕುದಿಸಿ ಸೌಟಿನ ತುದಿಯಿಂದ ಅವರ ಅಂಗೈಗೆ ಒಂದು ಹನಿ ಬಿಡುತ್ತಿದ್ದೆ. ಅವರು ನೆಕ್ಕಿ, ಕಣ್ಣು ಮುಚ್ಚಿ, ನಾಲಿಗೆಯನ್ನು ಒಮ್ಮೆ ಒಳಗೇ ತಿರುಗಿಸಿ, ಉಪ್ಪು ಬೇಕು ಎಂದೋ ಹುಳಿ ಹಿಂದೆ ಬಿತ್ತು ಎಂದೋ ಹೇಳುತ್ತಿದ್ದರು. ಎಲ್ಲ ಕೂಡಿಬಂದಾಗ ಬರುತ್ತಿದ್ದದ್ದು ಎರಡೇ ಪದ: "ಸರಿ ಉಂಟು." ಆ ಎರಡು ಪದ ಕಿವಿಗೆ ಬೀಳುವ ತನಕ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಮೊಣಕಾಲು ನೋವು ಸೇರಿಕೊಂಡು ಅವರ ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಂಡವು. ಮೊದಲು ರುಬ್ಬುವುದು ಹೋಯಿತು, ಆಮೇಲೆ ಹೆಚ್ಚುವುದು, ಆಮೇಲೆ ಒಲೆಯ ಮುಂದೆ ನಿಲ್ಲುವುದೇ ಹೋಯಿತು. ಒಲೆಯ ಕೊನೆಗೆ ಒಂದು ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಉಳಿದದ್ದು ರುಚಿ ನೋಡುವುದೊಂದೇ. ಗಂಡನಿಗೆ ಮುಂಬೈಯ ದೊಡ್ಡ ಹೋಟೆಲಿನಲ್ಲಿ ಪಳಗಿದ ಒಬ್ಬ ಅಡಿಗೆಯವನನ್ನು ಕರೆಸಿ, ಅಮ್ಮನನ್ನು ನಾವಿದ್ದ ಫ್ಲಾಟಿನಲ್ಲಿ ಆರಾಮವಾಗಿ ಕೂರಿಸಬೇಕೆಂಬ ಆಲೋಚನೆ. ಗಂಡನದು ಒಳ್ಳೆಯ ಮನಸ್ಸೇ. ಆದರೆ ಆರಾಮ ಎಂಬ ಮಾತು ಬಂದಾಗಲೆಲ್ಲ ಅತ್ತೆಯ ಮುಖ ಇಳಿದುಹೋಗುತ್ತಿತ್ತು. "ಅಲ್ಲಿ ನಾಲ್ಕು ಗೋಡೆ ನೋಡ್ತಾ ಕೂತ್ರೆ ನಾನು ಜಾಸ್ತಿ ದಿನ ಇರುವುದಿಲ್ಲ, ನೀನು ನೋಡು," ಎಂದು ಒಂದು ಸಂಜೆ ನನ್ನೊಬ್ಬಳಿಗೇ ಹೇಳಿದ್ದರು. ತಮಾಷೆಯ ಮಾತು ಅದಾಗಿರಲಿಲ್ಲ.

ಆ ಹೊತ್ತಿಗೆ ಕ್ಯಾಂಪಿನಲ್ಲಿ ಹೊಸ ಬಗೆಯ ಗಿರಾಕಿಗಳು ಕಾಣಿಸಿಕೊಳ್ಳುತ್ತಿದ್ದರು. ಭಾನುವಾರ ಹನ್ನೊಂದಕ್ಕೆ ಎದ್ದು, ನಾಷ್ಟಾ ಮತ್ತು ಊಟ ಎರಡನ್ನೂ ಒಂದೇ ಸಲಕ್ಕೆ ಮುಗಿಸುವ ಹುಡುಗ ಹುಡುಗಿಯರು. ಗಂಡ ಮುಂಬೈಯಲ್ಲಿ ಎಲ್ಲೋ ತಿಂದು ಬಂದದ್ದನ್ನು ಕೈಯಲ್ಲಿ ಮಾಡಿ ತೋರಿಸಿದ. ಕೆಳಗೆ ಸುಟ್ಟ ಬನ್ನು, ಅದರ ಮೇಲೆ ಸಿಗಡಿಯ ವಡೆ, ಅದರ ಮೇಲೆ ಚಿಪ್ಪು ಒಡೆದು ನೀರಿನಲ್ಲಿ ಬೇಯಿಸಿದ ಮೊಟ್ಟೆ, ಎಲ್ಲದರ ಮೇಲೆ ಬೆಣ್ಣೆಯ ಹಳದಿ ಸಾಸು. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತು, ನಮ್ಮಲ್ಲಿ ಯಾರ ಬಾಯಿಗೂ ಹೊಂದಲಿಲ್ಲ. ಕಪ್ಪು ಹಲಗೆಯ ಮೇಲೆ ಸಂಡೇ ಪ್ರಾನ್ ಎಂದು ಬರೆಸಿದ. ಮುಂಬೈಯವನನ್ನು ಇದಕ್ಕೆಂದೇ ಕರೆಸುವ ಮಾತೂ ಬಂತು. ನಾನೇ ತಡೆದೆ, ಅತ್ತೆ ಮತ್ತು ನಾನು ಮಾಡುತ್ತೇವೆ ಎಂದೆ. ಗಂಡ, ಅಮ್ಮ ರುಚಿ ನೋಡಿ ಸರಿ ಎನ್ನುವ ತನಕ ಬೇರೆಯವರು ಬೇಡ ಎಂದು ಒಪ್ಪಿದ. ಹೀಗೆ ಅಡಿಗೆಮನೆಯಲ್ಲಿ ಅತ್ತೆಯ ಸ್ಟೂಲು ಉಳಿಯುವುದು ಆ ತಿಂಡಿಯ ಮೇಲೆ ನಿಂತಿತು.

ಸಿಗಡಿ ವಡೆ ಬೇಗ ಕೈಗೆ ಹತ್ತಿತು. ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನಾರು ತೆಗೆದು, ಒರಟಾಗಿ ಜಜ್ಜಿ, ಈರುಳ್ಳಿ ಶುಂಠಿ ಹಸಿಮೆಣಸು ಸೇರಿಸಿ ಅಂಗೈಯಲ್ಲಿ ತಟ್ಟಿ ಕಾವಲಿಗೆ ಹಾಕಿದರೆ ಮುಗಿಯಿತು. ಮೊಟ್ಟೆ ಸತಾಯಿಸಿತು. ವಿನಿಗರ್ ಹಾಕಿದ ನೀರನ್ನು ಸುಳಿಯಂತೆ ತಿರುಗಿಸಿ ನಡುವೆ ಬಿಡಬೇಕು. ನಾನು ಮುಖ ಆ ಕಡೆ ಮಾಡಿ ಬಿಟ್ಟರೆ ಅದು ಹಳೆಯ ಪಂಚೆಯಂತೆ ಹರಿದು ಪಾತ್ರೆ ತುಂಬ ಹರಡುತ್ತಿತ್ತು. ಮುಖ ಈ ಕಡೆ ಮಾಡಿ ಬಿಡುವುದನ್ನು ಕಲಿತೆ. ಆದರೆ ಸಾಸು ನನ್ನನ್ನು ಅಳಿಸಿಯೇಬಿಟ್ಟಿತು. ಹಳದಿಗೆ ನಿಂಬೆರಸ ಹಾಕಿ, ಕರಗಿದ ಬೆಣ್ಣೆಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ತಿರುವಿದರೆ ಇದ್ದಕ್ಕಿದ್ದಂತೆ ಒಡೆದು, ಬೆಣ್ಣೆ ಒಂದು ಕಡೆ ಮೊಟ್ಟೆ ಒಂದು ಕಡೆ ಆಗುತ್ತಿತ್ತು. ಬೇಗ ಮುಗಿಯಲಿ ಎಂದು ನಾನು ಉರಿ ಏರಿಸುವುದು, ಅದು ಒಡೆಯುವುದು, ನಾನು ಪಾತ್ರೆಯನ್ನು ಬಚ್ಚಲಿಗೆ ಎಸೆಯುವುದು.

ಅತ್ತೆ ಸ್ಟೂಲಿನ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದವರು, ಇದು ನಮ್ಮ ತೆಂಗಿನಕಾಯಿಯ ದಪ್ಪ ಹಾಲಿನ ಜಾತಿಯದ್ದೇ ಎಂದು ಪತ್ತೆಹಚ್ಚಿದರು. ಅದನ್ನೂ ಕುದಿಯಲು ಬಿಟ್ಟರೆ ಒಡೆಯುತ್ತದೆ. ಹಬೆ ತೋರಿಸಿ ತೆಗೆಯಬೇಕು. ಇಡ್ಲಿ ಪಾತ್ರೆಗೆ ನೀರು ಹಾಕಿಸಿ, ಉರಿ ಇಳಿಸಿ, ಬಾಯಿಯ ಮೇಲೆ ಸ್ಟೀಲಿನ ಬಟ್ಟಲು ಇಡಿಸಿದರು. ಬಟ್ಟಲ ತಳಕ್ಕೆ ಬೆರಳು ತಾಗಿಸಿದರೆ ತಾಳಿಕೊಳ್ಳುವಷ್ಟೇ ಬಿಸಿ ಇರಬೇಕು. ನಾನು ಚಡಪಡಿಸುತ್ತಾ ತಿರುವುತ್ತಿದ್ದೆ, ಅವರು ನಿಧಾನ, ನಿಧಾನ ಎನ್ನುತ್ತಿದ್ದರು. ಕೊನೆಗೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದ್ದನ್ನು ಒಂದು ಚಿಟಿಕೆಯಷ್ಟು ಸೇರಿಸಲು ಹೇಳಿದರು. ಆ ಮೆಣಸಿನಕಾಯಿ ನಮ್ಮೂರ ಕಡೆಯಿಂದ ಬಸ್ಸಿನಲ್ಲಿ ಸ್ವಾರಗೇಟಿನ ನಿಲ್ದಾಣಕ್ಕೆ ಬರುತ್ತಿತ್ತು, ಗಂಡ ಹೋಗಿ ಇಳಿಸಿಕೊಳ್ಳುತ್ತಿದ್ದ. ಸಾಸಿಗೆ ಸಂಜೆಯ ಬಣ್ಣ ಬಂತು. ಅತ್ತೆ ನೆಕ್ಕಿ ನೋಡಿ ಕಣ್ಣು ಮುಚ್ಚಿದರು. "ಸರಿ ಉಂಟು." ನನಗೆ ಕುಣಿಯಬೇಕೆನಿಸಿತು.

ಮುಂದಿನ ಮೂರ್ನಾಲ್ಕು ವರ್ಷ ಭಾನುವಾರಗಳು ಹಾಗೇ ನಡೆದವು. ಖಡಕಿಯಿಂದ ಒಬ್ಬ ನಿವೃತ್ತ ಮಿಲಿಟರಿ ಅಧಿಕಾರಿ ಪ್ರತಿ ವಾರ ಬಂದು, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ತಟ್ಟೆಯನ್ನು ಬನ್ನಿನಿಂದ ಒರೆಸಿ ತಿನ್ನುತ್ತಿದ್ದರು. ಅಡಿಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿಯಿಂದ ನಾನು ಅವರನ್ನು ನೋಡುತ್ತಿದ್ದೆ. ಅವರು ಒರೆಸಿದರೆ ನನ್ನ ಭಾನುವಾರ ಗೆದ್ದಂತೆ.

ಆಮೇಲೆ ಒಂದು ಮಳೆಗಾಲ ಅತ್ತೆಗೆ ಜ್ವರ ಬಂತು. ಜೋರು ನೆಗಡಿ, ಜ್ವರ, ಒಂದು ವಾರ ಹಾಸಿಗೆ ಬಿಡಲಿಲ್ಲ. ಎದ್ದ ಕೂಡಲೇ ಸ್ಟೂಲಿಗೆ ಬಂದು ಕೂತರು. ಬೇಡ ಎಂದರೂ ಕೇಳಲಿಲ್ಲ.

ಅದರ ಹಿಂದೆಯೇ ಒಂದು ಭಾನುವಾರ ಡೈರಿಯಲ್ಲಿ ಲೋಣಿ ಮುಗಿದಿತ್ತು. ಉಪ್ಪು ಹಾಕದ ಬಿಳಿ ಬೆಣ್ಣೆಗೆ ಪುಣೆಯಲ್ಲಿ ಲೋಣಿ ಎನ್ನುತ್ತಾರೆ. ನಮ್ಮ ಸಾಸು ಅದರದ್ದೇ. ಗಂಡ ಅಂಗಡಿಯಿಂದ ಉಪ್ಪು ಹಾಕಿದ ಹಳದಿ ಬೆಣ್ಣೆಯ ಗಟ್ಟಿ ತಂದುಕೊಟ್ಟ. ನಾನು ಅದನ್ನು ಕರಗಿಸಿ, ಅಭ್ಯಾಸಬಲದಿಂದ ಮೇಲೆ ಉಪ್ಪನ್ನೂ ಹಾಕಿದೆ. ಅಂಗೈಗೆ ಬಿಟ್ಟ ಹನಿಯನ್ನು ಅತ್ತೆ ಎಂದಿನಂತೆ ನೆಕ್ಕಿದರು, ಕಣ್ಣು ಮುಚ್ಚಿದರು, ನಾಲಿಗೆ ತಿರುಗಿಸಿದರು. ಸರಿ ಉಂಟು ಎಂದರು. ತಟ್ಟೆಗಳು ಹೊರಗೆ ಹೋದವು.

ಮಿಲಿಟರಿಯವರು ಒಂದು ತುತ್ತು ತಿಂದು ಚಮಚ ಕೆಳಗಿಟ್ಟರು. ಒಂದು ಲೋಟ ನೀರು ಕೇಳಿದರು, ಆಮೇಲೆ ಇನ್ನೊಂದು. ಸಾಸನ್ನು ಚಮಚದಿಂದ ಬದಿಗೆ ಸರಿಸಿ, ಮೊಟ್ಟೆಯನ್ನು ಅರ್ಧ ತಿಂದು ಎದ್ದುಹೋದರು. ಗಂಡ ಒಳಗೆ ಬಂದು ಬಟ್ಟಲಿಗೆ ಬೆರಳದ್ದಿ ಬಾಯಿಗಿಟ್ಟವನೇ ಮುಖ ಕಿವುಚಿದ. ಅಮ್ಮ ಇದನ್ನು ನೋಡಿದ್ದಾರಾ ಎಂದು ಕೇಳಿದ್ದು ನನ್ನನ್ನು. ಉತ್ತರ ಬಂದದ್ದು ಸ್ಟೂಲಿನಿಂದ.

"ಇಲ್ಲ ಮಗಾ, ಇವತ್ತು ನಾನು ನೋಡ್ಲಿಲ್ಲ. ಗಡಿಬಿಡಿಯಲ್ಲಿ ಮರ್ತೇಹೋಯ್ತು."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಕಣ್ಣೆದುರು ನೆಕ್ಕಿದವರು ನೆಕ್ಕಲೇ ಇಲ್ಲ ಎನ್ನುತ್ತಿದ್ದರು. ಅತ್ತೆ ನನ್ನ ಕಡೆ ನೋಡಲಿಲ್ಲ, ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತಾ ಕೂತರು.

ಮರುದಿನ ಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು ನಾನು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗಿದ್ದೆ. ಸೀದ ವಾಸನೆ ಅಲ್ಲಿಯ ತನಕ ಬಂತು. ಓಡಿಬಂದರೆ ಅತ್ತೆ ಅಡಿಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ಹಿಂದೆ ಪಾತ್ರೆ ಕರಿಹಿಡಿದು ಹೊಗೆಯಾಡುತ್ತಿತ್ತು. ಕ್ಯಾಂಪಿನ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯ ಹತ್ತಿರ ಹೋಗುವ ಮೊದಲೇ ಇದು ಮೊನ್ನೆಯ ಮಾಲು ಎನ್ನುತ್ತಿದ್ದ ಮೂಗು ಅದು. ನಾನು ಗ್ಯಾಸು ಆರಿಸಿದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು, ಹಿಂದೆ ತಿರುಗಿ ಹೊಗೆ ನೋಡಿದರು. ಅವರು ಮತ್ತೆ ಸೊಪ್ಪಿಗೆ ಕೈಹಾಕಿದರು.

ನನಗೆ ಮೊದಲು ಬಂದದ್ದು ಸಿಟ್ಟು. ಜ್ವರದಲ್ಲಿ ಮೂಗು ನಾಲಿಗೆ ಎರಡೂ ಸತ್ತದ್ದನ್ನು ಮುಚ್ಚಿಟ್ಟು ಇಷ್ಟು ದಿನ ನನ್ನನ್ನು ಕಣ್ಣುಕಟ್ಟಿ ನಡೆಸಿದರಲ್ಲ ಎಂಬ ಕೆಂಡದಂಥ ಸಿಟ್ಟು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ ಉತ್ತರ ಹೊಳೆಯಿತು. ಒಂದು ಮಾತು ಹೇಳಿದ್ದರೆ ಸ್ಟೂಲು ಹೋಗುತ್ತಿತ್ತು. ಅವರು ಡಾಕ್ಟರ ಹತ್ತಿರವೂ ಹೋಗಿರಲಿಲ್ಲ, ಹೋದರೆ ಮಗನಿಗೆ ಗೊತ್ತಾಗುತ್ತದಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಆಮೇಲಿನ ಭಾನುವಾರಗಳಲ್ಲಿ ನಿಜವಾಗಿ ರುಚಿ ನೋಡುವವರೇ ಇರಲಿಲ್ಲ. ಉಪ್ಪನ್ನು ಒಂದೇ ಚಮಚದಿಂದ ಅಳೆದು ಹಾಕುತ್ತಿದ್ದೆ, ನಿಂಬೆಹಣ್ಣುಗಳನ್ನು ಹಿಡಿಯಲ್ಲಿ ತೂಗಿ ಆರಿಸುತ್ತಿದ್ದೆ. ಆದರೆ ಒಂದು ನಿಂಬೆಯ ಹುಳಿ ಇನ್ನೊಂದಕ್ಕಿಲ್ಲ. ತಟ್ಟೆ ಹೊರಗೆ ಹೋದದ್ದೇ ಕಿಂಡಿಗೆ ಓಡಿ, ಗಿರಾಕಿಯ ದವಡೆ ಆಡುವುದನ್ನು ನೋಡಿ, ಮತ್ತೆ ಒಲೆಗೆ ಓಡಿಬರುತ್ತಿದ್ದೆ. ಹಾಗೆ ಅಡಿಗೆಮನೆಯಲ್ಲಿ ನಡೆದದ್ದನ್ನು ರಸ್ತೆಯಲ್ಲಿ ನಡೆದಿದ್ದರೆ ಸ್ವಾರಗೇಟಿಗೆ ಹೋಗಿ ಬರಬಹುದಿತ್ತು. ಅತ್ತೆಯ ನಾಟಕ ದಿನದಿನಕ್ಕೆ ಹೆಚ್ಚುತ್ತಿತ್ತು. ಇವತ್ತು ಹುಳಿ ಒಂದು ಕೂದಲು ಜಾಸ್ತಿ ಎನ್ನುವರು. ನಾನು ಹೌದ್ರಿ ಅತ್ತಿ ಎಂದು ಸುಮ್ಮನೆ ಬೆಣ್ಣೆಯ ಬಟ್ಟಲು ಅಲ್ಲಾಡಿಸುವೆ. ಅವರಿಗೆ ರುಚಿ ತಿಳಿಯುತ್ತಿಲ್ಲ ಎಂದು ನನಗೆ ಗೊತ್ತು, ನನಗೆ ಗೊತ್ತು ಎಂದು ಅವರಿಗೂ ಗೊತ್ತು. ಆದರೂ ಇಬ್ಬರೂ ಬಿಡಲಿಲ್ಲ.

ನಾನೇ ನೆಕ್ಕಿ ನೋಡಬಹುದಿತ್ತು. ಚಮಚವನ್ನು ತುಟಿಯ ತನಕ ಒಯ್ದದ್ದೂ ಉಂಟು. ಆಗೆಲ್ಲ ಎದುರು ಸಾಲಿನಲ್ಲಿ ಬಟ್ಟೆಯ ಥಾನು ಬಿಚ್ಚುತ್ತಾ ಕೂತ ಅಪ್ಪ ಕಣ್ಣ ಮುಂದೆ ಬಂದು ಕೈ ಇಳಿಯುತ್ತಿತ್ತು.

ಹೀಗಿರುವಾಗ ಗಂಡ ಒಂದು ಭಾನುವಾರ ಮುಂಬೈಯ ಅಡಿಗೆಯವನನ್ನು ಊಟಕ್ಕೆ ಕರೆದ. ಸುಮ್ಮನೆ ನೋಡಿಹೋಗಲಿ ಎಂದು ಹೇಳಿದ. ಯಾವುದೂ ಸುಮ್ಮನೆ ಅಲ್ಲವೆಂದು ಮೂವರಿಗೂ ತಿಳಿದಿತ್ತು. ಅವನು ಕಿಟಕಿಯ ಪಕ್ಕದ ಮೇಜಿನಲ್ಲೇ ಬಂದು ಕೂತ. ದಪ್ಪ ಕೈಗಳ, ಮಿತಭಾಷಿ ಮನುಷ್ಯ.

ಆ ದಿನದ ಸಿಗಡಿ ನನಗೆ ಸರಿಕಾಣಲಿಲ್ಲ. ಐಸು ಅರ್ಧ ಕರಗಿತ್ತು, ತಲೆಯ ಹತ್ತಿರ ಬಣ್ಣ ಮಂಕಾಗಿತ್ತು. ವಾಸನೆ ನೋಡಿದೆ. ಆದರೆ ನನಗೆ ಸಿಗಡಿ ಎಂದರೆ ಯಾವತ್ತೂ ನಾತವೇ; ಒಳ್ಳೆಯ ನಾತ ಯಾವುದು, ಕೆಟ್ಟ ನಾತ ಯಾವುದು ಎಂದು ಬೇರೆ ಮಾಡುವುದು ಬರುತ್ತಿರಲಿಲ್ಲ. ಹಿಂದೆ ಹಿಡಿಯಷ್ಟು ಎತ್ತಿ ಮೂಗಿಗೆ ಹಿಡಿಯುತ್ತಿದ್ದ ಅತ್ತೆ ಈಗ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒತ್ತಿದರು. ಗಟ್ಟಿ ಉಂಟು ಎಂದರು, ಆದರೆ ಗಟ್ಟಿಯಾಗಿ ಹೇಳಲಿಲ್ಲ. ನಾನು ಮೊದಲ ವಡೆಯನ್ನು ಕಾವಲಿಯಿಂದ ತಟ್ಟೆಗೆ ಇಳಿಸಿ ಅವರ ಕೈಗೆ ಕೊಟ್ಟೆ. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಕೆಟ್ಟ ಸಿಗಡಿ ತಿಂದರೆ ಜನ ಆಸ್ಪತ್ರೆ ಸೇರುತ್ತಾರೆ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸರಿ ಉಂಟು ಎಂಬ ಮಾತು ಬರಲೇ ಇಲ್ಲ. ತಟ್ಟೆಯನ್ನು ಮಡಿಲಿಗೆ ಇಳಿಸಿದರು.

ನಾನು ಆ ತಟ್ಟೆಯಿಂದ ಉಳಿದ ಅರ್ಧ ವಡೆ ತೆಗೆದು ಬಾಯಿಗೆ ಹಾಕಿಕೊಂಡೆ.

ಅತ್ತೆ ತಡೆಯಲು ಕೈ ಎತ್ತಿದರು, ತಡವಾಗಿತ್ತು. ಬಾಯಿಯಲ್ಲಿ ಅದು ಎಷ್ಟು ದೊಡ್ಡದಾಯಿತೆಂದರೆ ಉಸಿರಾಡಲು ಜಾಗವಿಲ್ಲ ಎನಿಸಿತು. ಕಣ್ಣಲ್ಲಿ ನೀರು ಬಂತು. ಉಗುಳಿಬಿಡಬೇಕೆನಿಸಿತು, ಅಪ್ಪನ ಮೇಲೂ ಅತ್ತೆಯ ಮೇಲೂ ಆ ಕಿಟಕಿಯ ಪಕ್ಕದವನ ಮೇಲೂ ಒಟ್ಟಿಗೆ ಕೋಪ ಬಂತು. ಅಗಿದೆ. ನುಂಗಿದೆ.

ಅತ್ತೆ ಸ್ಟೂಲಿನಿಂದ ಮುಂದೆ ಬಾಗಿ ನನ್ನ ಮಣಿಕಟ್ಟು ಹಿಡಿದರು. ದನಿ ತಗ್ಗಿಸಿ, ಮೊದಲ ಸಲ, ಅವರು ನನ್ನನ್ನು ಕೇಳಿದರು.

"ಹೇಗುಂಟು?"

"ಸಿಹಿ ಅದರಿ ಅತ್ತಿ. ಸೀತನಿ ತಿಂದಂಗ, ಹಸಿ ಜ್ವಾಳದ ಹಾಲಿನಂಗ."

"ಕೊನೆಗೆ ಗಂಟಲ ಹತ್ರ ಎಂತಾದ್ರೂ ಕಹಿ? ಚುಚ್ಚುವ ಹಾಗೆ?"

ನಾನು ಉಗುಳು ನುಂಗಿ ನೋಡಿದೆ. "ಇಲ್ರಿ. ಏನೂ ಇಲ್ಲ."

"ಹಾಗಾದ್ರೆ ಒಳ್ಳೇದುಂಟು. ಹಾಕು ಎಲ್ಲ," ಎಂದರು. ಅವರ ಬೆನ್ನು ನೆಟ್ಟಗಾಯಿತು. ಸಾಸನ್ನೂ ನೆಕ್ಕಿಸಿದರು. ಉಪ್ಪು ಮುಂದೆ ಬರುತ್ತದಾ ಹಿಂದೆ ಬರುತ್ತದಾ ಎಂದು ಕೇಳಿದರು. ಹಿಂದೆ ಎಂದೆ. ಒಂದು ಚಿಟಿಕೆ ಹಾಕಿಸಿದರು. ನಿಂಬೆ ಹಲ್ಲಿಗೆ ತಾಗುತ್ತದಾ ಎಂದು ಕೇಳಿದರು, ಇಲ್ಲ ಎಂದಾಗ ನಾಲ್ಕು ಹನಿ ಹಿಂಡಿಸಿದರು. ಅಷ್ಟರಲ್ಲಿ ಗಂಡ ಕಿಂಡಿಯಲ್ಲಿ ಮುಖ ತೂರಿಸಿ, ಅಮ್ಮ ರುಚಿ ನೋಡಿ ಆಯ್ತಾ ಎಂದ. ಅತ್ತೆ ಸೆರಗಿನಿಂದ ತುಟಿ ಒರೆಸಿಕೊಂಡು, ನೋಡಿ ಆಯ್ತು, ಸರಿ ಉಂಟು ಎಂದರು. ನಾನು ಬೆನ್ನು ತಿರುಗಿಸಿ ಮೊಟ್ಟೆ ಒಡೆಯತೊಡಗಿದೆ.

ಮುಂಬೈಯವನು ತಟ್ಟೆಯನ್ನು ಬನ್ನಿನಿಂದ ಒರೆಸಿ ತಿಂದ. ಸಾಸು ಯಾರದ್ದು ಎಂದು ವಿಚಾರಿಸಿ, ಅಮ್ಮನದ್ದು ಎಂದಾಗ ತಲೆದೂಗಿ, ಮಧ್ಯಾಹ್ನದ ಗಾಡಿಗೆ ಹೊರಟುಹೋದ. ಮತ್ತೆ ಅವನ ಮಾತನ್ನು ಗಂಡ ಎತ್ತಲಿಲ್ಲ.

ಗಿರಾಕಿಗಳೆಲ್ಲ ಹೋಗಿ, ಒಲೆಗಳನ್ನು ಆರಿಸಿ, ನಾನು ಅಡಿಗೆಮನೆಯಲ್ಲಿ ಆ ಕಡೆ ಈ ಕಡೆ ಓಡಾಡುತ್ತಿದ್ದೆ. ಬಾಯಿ ಮುಕ್ಕಳಿಸಿದ್ದೆ, ಏಲಕ್ಕಿ ಅಗಿದಿದ್ದೆ, ಮತ್ತೆ ಮುಕ್ಕಳಿಸಿದ್ದೆ. ಸಂಜೆ ಎದುರಿನ ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಲೋ ಬೇಡವೋ ಎಂದು ಮನಸ್ಸು ಹೊಯ್ದಾಡುತ್ತಿತ್ತು. ಹೇಳಿದ್ದು ಹೌದು, ಆದರೆ ಆ ಸಂಜೆಯಲ್ಲ.

ಕಾವಲಿಯ ಪಕ್ಕ ಒಂದು ವಡೆ ಉಳಿದಿತ್ತು. ಅತ್ತೆ ಅದನ್ನು ತಟ್ಟೆಗಿಟ್ಟು, ಬಟ್ಟಲಿನಲ್ಲಿದ್ದ ಕೊನೆಯ ಸಾಸನ್ನು ಕೆರೆದು ಮೇಲೆ ಸುರಿದು, ನನ್ನ ಕಡೆ ಸರಿಸಿದರು. ಎಲ್ಲ ಮುಗಿದಿದೆಯಲ್ಲ, ಇನ್ನು ರುಚಿ ನೋಡಿ ಏನು ಮಾಡಬೇಕು ಎಂದೆ ನಾನು.

"ನೋಡ್ಲಿಕ್ಕಲ್ಲ," ಎಂದರು ಅತ್ತೆ. "ನನಗೆ ತಿನ್ಲಿಕ್ಕೆ ಆಸೆ ಆಗಿದೆ. ಜ್ವರ ಬಂದಲ್ಲಿಂದ ಬಾಯಿಗೆ ಇಟ್ಟದ್ದೆಲ್ಲ ಬರೀ ಮಣ್ಣು. ನೀನು ನಿಧಾನಕ್ಕೆ ತಿನ್ನು, ತಿಂತಾ ತಿಂತಾ ಹೇಳು."

ನಾನು ಇನ್ನೊಂದು ಸ್ಟೂಲು ಎಳೆದುಕೊಂಡು ಅವರೆದುರು ಕೂತೆ. ಅತ್ತೆ ಕಣ್ಣು ಮುಚ್ಚಿದರು. ತಟ್ಟೆ ಖಾಲಿಯಾಗುವ ತನಕ ನಾನು ಏಳಲಿಲ್ಲ.